ಬೂಷ್ಟು ಹಿಡಿದ ಬಾಗಿಲು ಮತ್ತೆ ಬೆಳಗಿದ ಬಗೆ

ಮಡಿಕೇರಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಿಡುವು ಕೊಡುವುದೇ ಅಪರೂಪ. ನಮ್ಮ ಮನೆಗೆ ಬಂದವರ ಕಣ್ಣಿಗೆ ಮೊದಲು ಬೀಳುತ್ತಿದ್ದುದು ಒದ್ದೆ ಛತ್ರಿ, ಕೆಸರಿನ ಗಂಬೂಟು, ಬಾಗಿಲ ಪಕ್ಕದ ಗೋಡೆಯ ಕಪ್ಪು ಬೂಷ್ಟು. ಎರಡು ವರ್ಷ ಬಣ್ಣ ಬಳಿಸಿದೆ. ಎರಡೂ ಸಲ ಆಗಸ್ಟ್ ಹೊತ್ತಿಗೆ ಹಪ್ಪಳದಂತೆ ಎದ್ದು ಬಂತು.

ಒಂದು ದಿನ ಜೋರು ಮಳೆಯಲ್ಲಿ ಅಲ್ಲೇ ನಿಂತು ನೋಡಿದೆ. ಸೂರಿನ ನೀರು ಮೆಟ್ಟಿಲ ಕಲ್ಲಿಗೆ ಬಿದ್ದು ಗೋಡೆಯ ಮೊಣಕಾಲೆತ್ತರಕ್ಕೆ ಸಿಡಿಯುತ್ತಿತ್ತು. ಸೂರಿಗೆ ನೀರು ಹರಿಯುವ ದೋಣಿ ಹಾಕಿಸಿ, ನೀರು ಬೀಳುವಲ್ಲಿ ಜಲ್ಲಿ ಹರಡಿಸಿದೆ. ಬೇಸಿಗೆಯಲ್ಲಿ ಹಳೆ ಬಣ್ಣ ಪೂರ್ತಿ ಕೆರೆಸಿ, ಗೋಡೆಯನ್ನು ಒಂದು ತಿಂಗಳು ಒಣಗಲು ಬಿಟ್ಟು, ಸುಣ್ಣ ಹೊಡೆಸಿದೆ. ಪ್ಲಾಸ್ಟಿಕ್ ಬಣ್ಣ ತೇವವನ್ನು ಒಳಗೇ ಹಿಡಿದಿಡುತ್ತದೆ, ಸುಣ್ಣದ ಗೋಡೆ ಉಸಿರಾಡುತ್ತದೆ. ಅದರ ಕ್ಷಾರಕ್ಕೆ ಬೂಷ್ಟೂ ಸುಲಭಕ್ಕೆ ಹತ್ತದು.

ಅಲಂಕಾರ ಆಮೇಲೆ. ಕೊಡವರ ಪೂರ್ವಜರ ಮನೆಗಳಾದ ಐನ್‌ಮನೆಗಳ ಜಗಲಿಯಲ್ಲಿ ಕಂಬಗಳ ನಡುವೆ ಕೂರಲು ಹಾಕುವ ದಪ್ಪ ಹಲಗೆ, ಐಮರ, ಚಿಕ್ಕಂದಿನಿಂದಲೂ ನನಗೆ ಇಷ್ಟ. ಅದನ್ನೇ ನೆನೆದು ಹಳೆಯ ಹಲಸಿನ ಹಲಗೆಯೊಂದನ್ನು ಬೆಂಚು ಮಾಡಿಸಿದೆ. ಅದರಡಿ ಬೂಟುಗಳಿಗೆ ಗಾಳಿಯಾಡುವ ಪಟ್ಟಿಯ ಸ್ಟ್ಯಾಂಡು, ಪಕ್ಕದಲ್ಲಿ ಛತ್ರಿಗೊಂದು ಹಳೆ ತಾಮ್ರದ ಹಂಡೆ, ನೆರಳಿಗೆ ಒಗ್ಗುವ ಆಂಥೂರಿಯಂನ ಎರಡು ಕುಂಡ. ಬಿಳಿ ಬಲ್ಬು ತೆಗೆದು 2700 ಕೆಲ್ವಿನ್‌ನ ಹಳದಿ ಬಲ್ಬು ಹಾಕಿದೆ. ಮಂಜು ಕವಿದ ಸಂಜೆ ಗೇಟಿನಿಂದಲೇ ಮನೆ ಬೆಚ್ಚಗೆ ಕಾಣುತ್ತದೆ.

ಈ ಸಲ ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್‌ಗೆ ಬಂದ ಅತ್ತೆ ಒಳಗೆ ಬರಲೇ ಇಲ್ಲ. ಹಲಗೆಯ ಮೇಲೆ ಕೂತು, ಕಾಫಿ ಇಲ್ಲಿಗೇ ತಾ ಎಂದರು.