ಪರಿಷೆಯ ಭಾನುವಾರ, ಹದಿನಾಲ್ಕು ಎಲೆ

ಬಸವನಗುಡಿಯ ನಮ್ಮ ಮನೆಯಿಂದ ದೊಡ್ಡ ಬಸವಣ್ಣನ ಗುಡಿಗೆ ನಡೆದರೆ ಏಳೆಂಟು ನಿಮಿಷದ ದಾರಿ. ಕಡಲೆಕಾಯಿ ಪರಿಷೆ ಕಾರ್ತಿಕ ಮಾಸದ ಕಡೆಯ ಸೋಮವಾರದ್ದಾದರೂ, ಅದರ ಮುಂಚಿನ ಶನಿವಾರ ಬೆಳಗಾಗುವಷ್ಟರಲ್ಲೇ ಬುಲ್ ಟೆಂಪಲ್ ರಸ್ತೆಯ ಎರಡೂ ಬದಿಗಳಲ್ಲಿ ಕಾಯಿಯ ರಾಶಿಗಳು ಎದ್ದು, ಹುರಿಯುವ ಮರಳಿನ ಬಿಸಿ ವಾಸನೆ ನಮ್ಮ ಬೀದಿಯ ತನಕ ಬಂದಿರುತ್ತದೆ. ಪರಿಷೆಯ ಭಾನುವಾರ ರಾತ್ರಿ ಸ್ನೇಹಿತರನ್ನು ಊಟಕ್ಕೆ ಕರೆಯುವುದು ನಾನು ಮದುವೆಯಾಗಿ ಈ ಮನೆಗೆ ಬರುವುದಕ್ಕೂ ಮುಂಚಿನಿಂದ ನಡೆದುಬಂದ ಪದ್ಧತಿ. ಎರಡು ವರ್ಷದ ಹಿಂದೆ, ಊಟವೆಲ್ಲ ಮುಗಿದು ಪಾತ್ರೆ ಒರೆಸುತ್ತಿದ್ದಾಗ, ಅತ್ತೆಯವರು ಒಂದು ಮಾತು ಹೇಳಿದರು: "ದೀಪ ಹಾಕಿದ ಮೇಲೆ ಪರಿಷೆ ಹೇಗಿರುತ್ತೆ ಅಂತ ನಾನು ನೋಡೇ ಇಲ್ಲ ಕಣಮ್ಮ. ಆ ಹೊತ್ತಿಗೆ ಒಲೆ ಮುಂದೆ ಇರ್ತಿದ್ದೆ." ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಈ ಮನೆಯಲ್ಲಿ ಬಾಳಿದವರ ಮಾತು ಅದು. ಆ ವರ್ಷ ನಾನೂ ಹದಿನಾಲ್ಕು ಜನಕ್ಕೆ ಅಕ್ಕಿ ರೊಟ್ಟಿ ತಟ್ಟುತ್ತಾ ಇಡೀ ಸಂಜೆ ಅಡುಗೆಮನೆಯಲ್ಲೇ ಕಳೆದಿದ್ದೆ. ಆದ್ದರಿಂದ ಕಳೆದ ವರ್ಷ ಅಡುಗೆಯನ್ನು ಎರಡು ದಿನಕ್ಕೆ ಹಂಚಿ, ಭಾನುವಾರ ಸಂಜೆ ಐದರಿಂದ ಏಳೂವರೆಯವರೆಗೆ ಮನೆಯಲ್ಲಿ ಯಾರೂ ಒಲೆ ಹಚ್ಚಬಾರದೆಂದು ಮೊದಲೇ ನಿಶ್ಚಯಿಸಿಕೊಂಡೆ.

ತರಕಾರಿ, ಬಾಳೆ ಎಲೆ, ತೆಂಗಿನಕಾಯಿ, ಅಕ್ಕಿಹಿಟ್ಟುಗಳನ್ನು ಶುಕ್ರವಾರವೇ ಗಾಂಧಿ ಬಜಾರಿನಿಂದ ತಂದೆವು. ಪರಿಷೆಯ ರಸ್ತೆಗೆ ವಾಹನ ಬಿಡುವುದಿಲ್ಲ, ಸುತ್ತಲಿನ ಅಡ್ಡರಸ್ತೆಗಳಲ್ಲಿ ಆಟೋ ಸಿಗುವುದೂ ಕಷ್ಟ. ಬರುವವರಿಗೂ ಕಾರು ಬೇಡ, ನ್ಯಾಷನಲ್ ಕಾಲೇಜು ಮೆಟ್ರೋ ನಿಲ್ದಾಣದಲ್ಲಿ ಇಳಿದು ನಡೆದು ಬನ್ನಿ ಎಂದು ಹೇಳಿಟ್ಟೆ.

ಶನಿವಾರ ಬೆಳಿಗ್ಗೆ ಆರೂವರೆಗೆ ಬಟ್ಟೆಯ ಚೀಲಗಳನ್ನು ಹಿಡಿದು ನಾನು ಮತ್ತು ಮಗಳು ಹೊರಟೆವು. ಆ ಹೊತ್ತಿನಲ್ಲಿ ಜನ ಕಡಿಮೆ, ವ್ಯಾಪಾರಿಗಳಿಗೂ ಮಾತನಾಡಲು ಬಿಡುವಿರುತ್ತದೆ. ಮಾಗಡಿ, ಕೋಲಾರ, ಚಿಂತಾಮಣಿಯ ಕಡೆಯವರಲ್ಲದೆ ಆಂಧ್ರ, ತಮಿಳುನಾಡಿನವರೂ ಬಂದು ರಾಶಿ ಹಾಕಿರುತ್ತಾರೆ. ಮುಂಗಾರಿಗೆ ಬಿತ್ತಿದ ಕಡಲೆಕಾಯಿ ಕೀಳುವ ಕಾಲವೂ ಕಾರ್ತಿಕದ ಹೊತ್ತಿಗೇ ಬರುತ್ತದೆ. ಸುಂಕೇನಹಳ್ಳಿ, ಮಾವಳ್ಳಿ, ಗುಟ್ಟಹಳ್ಳಿಯ ರೈತರ ಬೆಳೆಯನ್ನು ರಾತ್ರಿ ಒಂದು ಬಸವ ಮೇಯುತ್ತಿತ್ತು, ಅದನ್ನು ಶಾಂತಗೊಳಿಸಲು ಅವರು ಮೊದಲ ಫಸಲನ್ನು ಒಪ್ಪಿಸತೊಡಗಿದರು ಎಂಬ ಕಥೆಯನ್ನು ನಮ್ಮ ಬೀದಿಯ ಮಕ್ಕಳೆಲ್ಲ ಬಲ್ಲರು. ಈ ಹಳ್ಳಿಗಳ ಹೆಸರು ಈಗ ಬಡಾವಣೆಗಳ ಹೆಸರಾಗಿ ಉಳಿದಿವೆಯಷ್ಟೇ. ಆದರೆ ಫಸಲು ಬಂದ ಕೂಡಲೇ ರೈತರು ಇಲ್ಲಿಗೆ ಬರುವುದು ನಿಂತಿಲ್ಲ ಎಂಬುದು ನನಗೆ ಪ್ರತಿವರ್ಷವೂ ದೊಡ್ಡ ಸಂತೋಷ.

ಕಾಯಿ ಆರಿಸುವುದನ್ನು ನನಗೆ ಕಲಿಸಿದವರು ಅಲ್ಲಿಯ ಒಬ್ಬ ವ್ಯಾಪಾರಿ ಹೆಂಗಸು. "ಕಿವಿ ಹತ್ರ ಹಿಡ್ದು ಅಲ್ಲಾಡ್ಸಿ ನೋಡಮ್ಮ. ಸದ್ದು ಮಾಡಿದ್ರೆ ಹುರಿಯೋಕೆ, ಸುಮ್ನಿದ್ರೆ ಬೇಯ್ಸೋಕೆ" ಎಂದಿದ್ದರು. ಒಣಗಿದ ಕಾಯಿಯಲ್ಲಿ ಬೀಜ ಸಿಪ್ಪೆ ಬಿಟ್ಟು ಗಿಲಕಿಯಂತೆ ಆಡುತ್ತದೆ, ಹಸಿಯದರಲ್ಲಿ ತುಂಬಿಕೊಂಡಿರುತ್ತದೆ. ಬೇಯಿಸಲು ನಾಲ್ಕು ಸೇರು ಹಸಿ ಕಾಯಿ, ಉಂಡೆಗೂ ಚಟ್ನಿಪುಡಿಗೂ ಮೂರು ಸೇರು ಹುರಿದದ್ದು, ಜೊತೆಗೆ ಮಕ್ಕಳು ಬಿಡದ ಬೆಂಡು ಬತ್ತಾಸು ತಂದೆವು.

ಶನಿವಾರ ಮಧ್ಯಾಹ್ನ ಉಂಡೆ ಕಟ್ಟಿದ್ದಾಯಿತು. ಹುರಿದ ಬೀಜದ ಸಿಪ್ಪೆ ಉಜ್ಜಿ, ಮೊರದಲ್ಲಿ ಕೇರಿ, ಅರ್ಧ ಕಿಲೋ ಬೀಜಕ್ಕೆ ಮುನ್ನೂರು ಗ್ರಾಂ ಬೆಲ್ಲದ ಲೆಕ್ಕದಲ್ಲಿ ಪಾಕ ತೆಗೆದೆ. ಪಾಕದ ಹನಿಯನ್ನು ತಣ್ಣೀರಿಗೆ ಬಿಟ್ಟಾಗ ಅದು ಕರಗದೆ, ಬೆರಳಲ್ಲಿ ಉರುಳಿಸಿದರೆ ಗಟ್ಟಿ ಗೋಲಿಯಾಗಬೇಕು. ಅದಕ್ಕಿಂತ ಮೊದಲೇ ಇಳಿಸಿದರೆ ಉಂಡೆ ಮರುದಿನಕ್ಕೆ ಜಿಗುಟಾಗುತ್ತದೆ. ಚಟ್ನಿಪುಡಿಗೆ ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಹುಣಸೆ, ಉಪ್ಪು ಸಾಕು.

ಊಟದ ಮುಖ್ಯ ಪದಾರ್ಥ ಹಿತಕಿದ ಬೇಳೆ ಸಾರು. ಅವರೆಕಾಯಿಯ ನಿಜವಾದ ಕಾಲ ಡಿಸೆಂಬರ್ ಕಡೆಗೆ ಮಂಜು ಬೀಳತೊಡಗಿದ ಮೇಲೆ, ಆದರೆ ಪರಿಷೆಯ ಹೊತ್ತಿಗೆ ಮೊದಲ ಕಾಯಿ ಬಂದಿರುತ್ತದೆ, ಬೆಲೆ ಕೊಂಚ ಹೆಚ್ಚಾದರೂ ಸೊಗಡಿರುತ್ತದೆ. ಐದು ಕಿಲೋ ಕಾಯಿಯನ್ನು ಶನಿವಾರ ಸಂಜೆ ಎಲ್ಲರೂ ಕೂತು ಬಿಡಿಸಿದೆವು. ಸುಮಾರು ಎರಡು ಕಿಲೋ ಕಾಳು ಸಿಕ್ಕಿತು. ರಾತ್ರಿಯಿಡೀ ನೀರಿನಲ್ಲಿ ನೆನೆದ ಕಾಳಿನ ಸಿಪ್ಪೆ ಬೆಳಗಾಗುವಷ್ಟರಲ್ಲಿ ಸಡಿಲವಾಗಿ ಸುಕ್ಕುಗಟ್ಟಿರುತ್ತದೆ. ಅದನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ತುದಿಯಿಂದ ಮೆಲ್ಲಗೆ ಒತ್ತಿದರೆ ಬೇಳೆ ಪಟಕ್ಕನೆ ಹಾರಿ ಪಾತ್ರೆಗೆ ಬೀಳುತ್ತದೆ, ಖಾಲಿ ಸಿಪ್ಪೆ ಬೆರಳಲ್ಲಿ ಉಳಿಯುತ್ತದೆ. ಇದನ್ನು ಬೇಗ ಮಾಡುವ ಉಪಾಯ ಯಾವುದೂ ನನಗೆ ಕಂಡಿಲ್ಲ. ಕೈಗಳು ಹೆಚ್ಚಾಗಬೇಕು, ಅಷ್ಟೇ. ಮನೆಯವರು, ಇಬ್ಬರು ಮಕ್ಕಳು, ಅತ್ತೆಯವರು, ನಾನು, ಐವರೂ ಭಾನುವಾರ ಎಂಟಕ್ಕೆ ಕುಳಿತು ಹತ್ತೂವರೆಗೆ ಎದ್ದೆವು. ಈ ಕೆಲಸವನ್ನು ಒಬ್ಬರ ತಲೆಗೆ ಕಟ್ಟಿದರೆ ಇಡೀ ದಿನ ಹೋಗುತ್ತದೆ, ಮತ್ತು ನಮ್ಮ ಮನೆಯಲ್ಲಿ ಹಿಂದೆಲ್ಲ ಆಗುತ್ತಿದ್ದುದು ಅದೇ.

ಮಸಾಲೆಗೆ ನಾಲ್ಕು ಈರುಳ್ಳಿ, ಒಂದು ಗೆಡ್ಡೆ ಬೆಳ್ಳುಳ್ಳಿ, ಶುಂಠಿ, ಚಕ್ಕೆ, ಆರು ಲವಂಗ, ಐದು ಚಮಚ ಧನಿಯ, ಇಪ್ಪತ್ತು ಬ್ಯಾಡಗಿ ಮೆಣಸಿನಕಾಯಿಗಳನ್ನು ಎಣ್ಣೆಯಲ್ಲಿ ಹುರಿದು, ಗಸಗಸೆ, ಹುರಿಗಡಲೆ, ಒಂದು ತೆಂಗಿನಕಾಯಿಯ ತುರಿ ಸೇರಿಸಿ ನುಣ್ಣಗೆ ರುಬ್ಬಿಕೊಂಡೆ. ಬೇಳೆಯನ್ನು ಕುಕ್ಕರಿಗೆ ಹಾಕಬಾರದು, ಕರಗಿ ಹೋಗುತ್ತದೆ. ತೆರೆದ ಪಾತ್ರೆಯಲ್ಲಿ ಇಪ್ಪತ್ತು ನಿಮಿಷ ಬೆಂದು, ಹಿಚುಕಿದರೆ ಮೆತ್ತಗಾಗಿಯೂ ಆಕಾರ ಉಳಿಸಿಕೊಂಡಿರುವಾಗ ಮಸಾಲೆ ಬಿದ್ದರೆ ಸರಿಯಾಗಿರುತ್ತದೆ. ಮೂರು ಗಂಟೆಗೆ ಸಾರು ಸಿದ್ಧವಾಯಿತು. ರಾತ್ರಿಯ ಹೊತ್ತಿಗೆ ಅದು ಗಟ್ಟಿಯಾಗುವುದರಿಂದ ಕೊಂಚ ತೆಳ್ಳಗೇ ಇಳಿಸಿದೆ.

ಹಸಿ ಕಾಯಿ ಬೇಯಿಸುವಾಗ ಹಿಂದಿನ ವರ್ಷ ತಪ್ಪಿದ್ದೆ. ಬೆಂದ ಕೂಡಲೇ ನೀರು ಬಸಿದಿದ್ದರಿಂದ ಉಪ್ಪು ಬೀಜಕ್ಕೆ ಇಳಿದಿರಲೇ ಇಲ್ಲ. ಈ ಸಲ ಮಣ್ಣು ಹೋಗುವಂತೆ ಐದು ನೀರಿನಲ್ಲಿ ತೊಳೆದು, ಧಾರಾಳವಾಗಿ ಉಪ್ಪು ಹಾಕಿ, ನಾಲ್ಕು ಕೂಗು ಕೂಗಿಸಿ, ಸಣ್ಣ ಉರಿಯಲ್ಲಿ ಹತ್ತು ನಿಮಿಷ ಇಟ್ಟು, ಅದೇ ನೀರಿನಲ್ಲಿ ಮುಚ್ಚಿಟ್ಟು ಪರಿಷೆಗೆ ಹೊರಟೆ. ನಾವು ತಿರುಗಿ ಬರುವಷ್ಟರಲ್ಲಿ ಉಪ್ಪು ಒಳಗಿಳಿದಿತ್ತು.

ಐದು ಗಂಟೆಗೆ ಸ್ನೇಹಿತರೆಲ್ಲ ಮನೆಗೆ ಬಂದು ಸೇರಿದರು, ಒಟ್ಟಿಗೆ ನಡೆದೆವು. ಅತ್ತೆಯವರ ಮಂಡಿನೋವಿನಿಂದಾಗಿ ಜನಸಂದಣಿಯ ನಡುವೆ ಹೋಗದೆ ಕಹಳೆ ಬಂಡೆಯ ಉದ್ಯಾನದ ಕಡೆಯಿಂದ ಬಳಸಿ, ದೊಡ್ಡ ಗಣಪತಿಯ ಗುಡಿಯ ಬಳಿ ಅವರನ್ನು ಕಟ್ಟೆಯ ಮೇಲೆ ಕೂರಿಸಿದೆವು. ಕತ್ತಲಾಗುತ್ತಿದ್ದಂತೆ ಬಣ್ಣದ ದೀಪಗಳು ಹತ್ತಿಕೊಂಡವು, ರಾಶಿಗಳ ಮೇಲೆ ತೂಗುಬಿಟ್ಟ ಬಲ್ಬುಗಳ ಬೆಳಕಿನಲ್ಲಿ ಕಾಯಿಗಳು ಕೆಮ್ಮಣ್ಣಿನ ದಿಬ್ಬದಂತೆ ಹೊಳೆದವು. ಅವರು ಬಹಳ ಹೊತ್ತು ಏನೂ ಮಾತನಾಡಲಿಲ್ಲ. ಆಮೇಲೆ ಬಳೆಯ ಅಂಗಡಿಗೆ ಕರೆದುಕೊಂಡು ಹೋಗೆಂದು ನನ್ನ ಕೈ ಹಿಡಿದು ಎದ್ದರು. ತಮಗೂ ನನಗೂ ಒಂದೊಂದು ಡಜನ್ ಹಸಿರು ಗಾಜಿನ ಬಳೆ ತೊಡಿಸಿಕೊಂಡು ಬಂದರು.

ರೊಟ್ಟಿಯ ವಿಷಯದಲ್ಲಿ ಮಾಡಿದ ಬದಲಾವಣೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂತು. ಈರುಳ್ಳಿ ನೀರು ಬಿಟ್ಟುಕೊಳ್ಳುವುದರಿಂದ ಹಿಟ್ಟನ್ನು ಮೊದಲೇ ಕಲಸಿಡದೆ, ಹೆಚ್ಚಿದ ಈರುಳ್ಳಿ, ಸಬ್ಬಸಿಗೆ ಸೊಪ್ಪು, ಹಸಿಮೆಣಸಿನಕಾಯಿಗಳನ್ನು ಬೇರೆಯಾಗಿಟ್ಟು, ಬಂದ ಮೇಲೆ ಬಿಸಿನೀರಿನಲ್ಲಿ ಕಲಸಿದೆ. ಚಿಕ್ಕ ಗ್ಯಾಸ್ ಒಲೆಯನ್ನು ಹೊರಗೆ ವರಾಂಡಕ್ಕೆ ತಂದು, ಮೂರು ತವ ಇಟ್ಟುಕೊಂಡೆವು. ಬಿಸಿ ತವದ ಮೇಲೆ ರೊಟ್ಟಿ ತಟ್ಟಲಾಗದು. ಆದ್ದರಿಂದ ಒಂದು ಒಲೆಯ ಮೇಲೆ ಬೇಯುತ್ತಿದ್ದರೆ, ಇನ್ನೊಂದು ಒದ್ದೆ ಬಟ್ಟೆಯ ಮೇಲೆ ಆರುತ್ತಿರುತ್ತದೆ, ಮತ್ತೊಂದರ ಮೇಲೆ ಯಾರಾದರೂ ತಟ್ಟುತ್ತಿರುತ್ತಾರೆ. ಬಂದವರೆಲ್ಲ ಸರದಿಯಲ್ಲಿ ತಟ್ಟಿದರು. ಜನ್ಮದಲ್ಲಿ ಹಿಟ್ಟು ಮುಟ್ಟದಿದ್ದ ಸ್ನೇಹಿತರೊಬ್ಬರ ರೊಟ್ಟಿ ಮೊದಲು ಹರಿಯಿತು, ಮೂರನೆಯದು ದುಂಡಗೆ ಬಂತು. ಎಂಟೂಕಾಲಕ್ಕೆ ಹದಿನಾಲ್ಕು ಎಲೆ ಹಾಕಿ, ಕೋಸಂಬರಿಯಿಂದ ಮೊಸರನ್ನದ ತನಕ ಬಡಿಸಿದಾಗ ನಾನೂ ಅತ್ತೆಯವರೂ ಎಲ್ಲರ ಜೊತೆ ಕುಳಿತೇ ಉಂಡೆವು.

ಈ ವರ್ಷ ಬೇಳೆ ಹಿತುಕುವುದಕ್ಕೆ ಸ್ನೇಹಿತರನ್ನು ಭಾನುವಾರ ಬೆಳಿಗ್ಗೆಯೇ ಕರೆಯಬೇಕೆಂದು ಅತ್ತೆಯವರು ಹೇಳಿದ್ದಾರೆ. ಸೋಮವಾರದ ದೋಸೆಗೆ ಸಾರು ಉಳಿಯಲಿಲ್ಲವಾದ್ದರಿಂದ ಕಾಯಿ ಆರು ಕಿಲೋ ತರಬೇಕಂತೆ.