ಸರ್ಕಾರದ ಖರ್ಚಿನ ಬಗ್ಗೆ ಸಲಹೆ ಕೊಡುವಾಗ ಹೀಗೆ ಮಾಡಿ

‘ಜನರ ದುಡ್ಡು ಪೋಲು ಮಾಡಬೇಡಿ’ ಅಂತ ಸುಮ್ನೆ ಬರೆದರೆ ಏನೂ ಆಗುವುದಿಲ್ಲ. ನೀವೇ ಬಳಸುವ ಒಂದೇ ಒಂದು ಸೇವೆ ಹಿಡಿಯಿರಿ. ಅಲ್ಲಿ ಸಮಯ ಎಲ್ಲಿ ಹೋಗುತ್ತದೆ, ಒಂದೇ ದಾಖಲೆಯನ್ನು ಎಷ್ಟು ಸಲ ಕೇಳುತ್ತಾರೆ, ಅರ್ಜಿ ಯಾವ ಮೇಜಿನಲ್ಲಿ ನಿಂತುಬಿಡುತ್ತದೆ ಅಂತ ಗಮನಿಸಿ ಬರೆದಿಡಿ.

ಆಮೇಲೆ ಬಜೆಟ್ ಮತ್ತು ಲೆಕ್ಕಪರಿಶೋಧನೆ ವರದಿ ನೋಡಿ. ಓದಲು ಬೇಜಾರು, ನಿಜ. ಆದರೆ ಎಷ್ಟು ಹಣ ಇಟ್ಟಿದ್ದರು, ಎಷ್ಟು ಖರ್ಚಾಯಿತು ಅನ್ನುವುದು ಸಿಗುವುದು ಅಲ್ಲೇ. ಅಂಕಿ ಇಲ್ಲದಿದ್ದರೆ ಸಲಹೆ ಬರೀ ದೂರು ಆಗಿಬಿಡುತ್ತದೆ, ಅಲ್ವಾ?

ಉಳಿತಾಯದಿಂದ ಯಾರಿಗೆ ತೊಂದರೆ ಅಂತಲೂ ಬರೆಯಿರಿ. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ. ಎಲ್ಲವನ್ನೂ ಆನ್‌ಲೈನ್ ಮಾಡಿ ಅನ್ನುವುದು ಸುಲಭ, ಆದರೆ ಮೊಬೈಲ್ ಬಳಸಲು ಬಾರದ ವಯಸ್ಸಾದವರು ಆಗ ಎಲ್ಲಿಗೆ ಹೋಗಬೇಕು?

ಒಬ್ಬರೇ ಬರೆಯುವುದಕ್ಕಿಂತ ನಾಲ್ಕು ಜನ ಸೇರಿದರೆ ತೂಕ ಜಾಸ್ತಿ. ಬ್ರೆಜಿಲ್‌ನ ಪೋರ್ಟೊ ಅಲೆಗ್ರೆಯಲ್ಲಿ 1989ರಲ್ಲಿ ಜನರೇ ಸಭೆ ಸೇರಿ ನಗರದ ಬಜೆಟ್‌ನ ಒಂದು ಭಾಗ ಯಾವುದಕ್ಕೆ ಹೋಗಬೇಕು ಅಂತ ತೀರ್ಮಾನಿಸುವ ಪದ್ಧತಿ ಶುರುವಾಯಿತು.

ಕೊನೆಗೆ, ನಿರ್ಧಾರ ಮಾಡುವ ಅಧಿಕಾರ ಯಾರಿಗಿದೆಯೋ ಅವರಿಗೇ ಕಳಿಸಿ, ಲಿಖಿತ ಉತ್ತರ ಕೇಳಿ. ಬರದಿದ್ದರೆ ಮತ್ತೆ ಬರೆಯಿರಿ.