ರೆಕ್ಕೆಯ ಬೆನ್ನು ನೋಡಲು ಕಲಿತದ್ದು

ನಾನು ಮೊದಲು ಕೊಂಡ ರೆಕ್ಕೆ, ಅಂದರೆ ವಿಮಾನದ ಸೈನಿಕರು ಎದೆಗೆ ಚುಚ್ಚಿಕೊಳ್ಳುವ ಬಿಲ್ಲೆ, ನಕಲಿ. ಅದನ್ನು ಕಂಡುಹಿಡಿದದ್ದು ಸಾಗರದ ಮನೆಯಲ್ಲಿ ಕೂತಿದ್ದ ನಮ್ಮಪ್ಪ.

ನಾನಿರುವುದು ಅಮೆರಿಕದ ಡೇಟನ್‌ನಲ್ಲಿ, ರೈಟ್ ಸಹೋದರರ ಊರಿನಲ್ಲಿ. ಅಮೆರಿಕದ ವಾಯುಪಡೆಯ ರಾಷ್ಟ್ರೀಯ ಮ್ಯೂಸಿಯಂ ಇರುವುದೂ ಇಲ್ಲೇ. ಒಳಗೆ ಹೋಗಲು ಟಿಕೆಟ್ ಇಲ್ಲ. ಬಂದ ಹೊಸದರಲ್ಲಿ ವಿಮಾನ ನೋಡಲು ಹೋಗುತ್ತಿದ್ದೆ. ಬರಬರುತ್ತಾ ಗಾಜಿನ ಪೆಟ್ಟಿಗೆಗಳ ಮುಂದೆ ನಿಲ್ಲುವುದೇ ಜಾಸ್ತಿಯಾಯಿತು. ಎರಡನೇ ಮಹಾಯುದ್ಧದಲ್ಲಿ ಎದೆಗೆ ಚುಚ್ಚಿಕೊಳ್ಳುತ್ತಿದ್ದ ಬೆಳ್ಳಿ ರೆಕ್ಕೆಗಳು ಅಲ್ಲಿದ್ದವು. ಸುಮಾರು ಮೂರು ಇಂಚು ಉದ್ದ. ಪೈಲಟ್‌ನದಾದರೆ ನಡುವೆ ಗುರಾಣಿ. ಬಾಂಬು ಹಾಕುವ ಬಾಂಬಾರ್ಡಿಯರ್‌ಗೆ ಬಾಂಬು. ದಾರಿ ಲೆಕ್ಕ ಹಾಕುವ ನ್ಯಾವಿಗೇಟರ್‌ಗೆ ಬಳೆಗಳನ್ನು ಹೆಣೆದಂಥ ಗೋಳ. ಗ್ಲೈಡರ್ ಪೈಲಟ್‌ಗೆ 'ಜಿ' ಅಕ್ಷರ. ಎದೆ ನೋಡಿದರೆ ಸಾಕು, ವಿಮಾನದೊಳಗೆ ಅವನ ಕೆಲಸ ಏನು ಅಂತ ತಿಳಿಯುತ್ತದೆ. ನನಗೆ ಹುಚ್ಚು ಹಿಡಿದದ್ದು ಇದಕ್ಕೇ.

ಒಂದು ಭಾನುವಾರ ಹಳೇ ಸಾಮಾನಿನ ಸಂತೆಯಲ್ಲಿ ಬಾಂಬಾರ್ಡಿಯರ್ ರೆಕ್ಕೆ ಸಿಕ್ಕಿತು. ಹಿಂದೆ 'ಸ್ಟರ್ಲಿಂಗ್' ಅಂತ ಬರೆದಿತ್ತು, ಅಂದರೆ ನೂರಕ್ಕೆ 92.5 ಪಾಲು ಬೆಳ್ಳಿ. 140 ಡಾಲರ್ ಕೊಟ್ಟು ತಂದೆ. ರಾತ್ರಿ ವಿಡಿಯೊ ಕಾಲ್‌ನಲ್ಲಿ ಅಪ್ಪನಿಗೆ ತೋರಿಸಿದೆ. ಅವರು ನಲವತ್ತು ವರ್ಷ ಅಕ್ಕಸಾಲಿ ಕೆಲಸ ಮಾಡಿದವರು.

"ಮುಂದೆ ನೋಡಿದ್ದಾಯ್ತು, ಹಿಂದೆ ತಿರುಗಿಸೋ" ಅಂದರು. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಇದು ಅಚ್ಚೊತ್ತಿದ್ದಲ್ಲ ಮಾರಾಯ, ಎರಕ ಹೊಯ್ದಿದ್ದು."

ಭೂತಗನ್ನಡಿ ಹಿಡಿದು ಕೂತೆ. ಗರಿಗಳ ನಡುವಿನ ಗೆರೆ ಮೊಂಡಾಗಿದ್ದವು. ಬೆನ್ನ ಮೇಲೆ ಅಲ್ಲಲ್ಲಿ ಸೂಜಿಮೊನೆಯಷ್ಟು ಗುಳಿಗಳು. ಅಕ್ಷರಗಳ ಅಂಚು ಚೀಪಿದ ಕಲ್ಲುಸಕ್ಕರೆಯ ಹಾಗೆ ನುಣ್ಣಗಾಗಿತ್ತು. ಬದಿಯಲ್ಲಿ ಅರದಿಂದ ಉಜ್ಜಿದ ಗೀರು. ಮುಂದೆ ಅದೇ ಕಂಪನಿಯ ಅಸಲಿ ರೆಕ್ಕೆ ಸಿಕ್ಕಾಗ ಎರಡನ್ನೂ ಅಕ್ಕಪಕ್ಕ ಇಟ್ಟು ಅಳೆದೆ. ನಕಲಿಯದು ಒಂದೂವರೆ ಮಿಲಿಮೀಟರ್ ಕಡಿಮೆ! ಕರಗಿದ ಲೋಹ ಆರುವಾಗ ಕುಗ್ಗುತ್ತದೆ ಅಲ್ವಾ? ಹಾಗಾಗಿ ಅಸಲಿಯಿಂದಲೇ ಪಡಿಯಚ್ಚು ತೆಗೆದರೂ ಹೊಯ್ದದ್ದು ಚೂರು ಚಿಕ್ಕದಾಗುತ್ತದೆ. ಅಸಲಿಯನ್ನು ಉಕ್ಕಿನ ಅಚ್ಚಿಗೆ ಕೊಟ್ಟು ಬಲವಾಗಿ ಒತ್ತಿರುತ್ತಾರೆ. ಅದರ ಒಂದೊಂದು ಗರಿಯೂ ಬೆರಳಿಗೆ ತಾಗುತ್ತದೆ.

ಅಂದಿನಿಂದ ಯಾವ ರೆಕ್ಕೆ ಕೈಗೆ ಬಂದರೂ ಮೊದಲು ಬೆನ್ನು. ಪಿನ್ನಿನ ಬೆಸುಗೆ ನೋಡುತ್ತೇನೆ, ತಯಾರಕರ ಗುರುತು ಹುಡುಕುತ್ತೇನೆ. ನ್ಯೂಯಾರ್ಕಿನ ಮೇಯರ್, ಮ್ಯಾಸಚೂಸೆಟ್ಸ್‌ನ ಬಾಲ್ಫರ್ ಮತ್ತು ಆಮ್‌ಕ್ರಾಫ್ಟ್ ಕಂಪನಿಗಳ ಹೆಸರು ಮತ್ತೆ ಮತ್ತೆ ಬರುತ್ತವೆ. ಹೆಸರಿನ ಬದಲು '22ಎಂ' ಥರದ ಅಂಕಿ-ಅಕ್ಷರ ಇದ್ದರೆ ಅದು ಯುದ್ಧ ಮುಗಿದ ಮೇಲಿನ ಮಾಲು. ನಕಲಿ ಅಲ್ಲ, ಆದರೆ ಯುದ್ಧಕಾಲದ ಬೆಲೆ ಕೊಡಬೇಡಿ. ಕಷ್ಟ ಇರುವುದು ಹಳೇ ಅಚ್ಚಿನಲ್ಲೇ ಹೊಸದಾಗಿ ಒತ್ತಿದವುಗಳಲ್ಲಿ. ಅವುಗಳ ಗರಿಯೂ ಚೂಪಾಗಿಯೇ ಇರುತ್ತದೆ. ಅಲ್ಲಿ ನಾನು ಪಿನ್ನು, ಕೊಂಡಿ, ಸವೆತ ಮೂರನ್ನೂ ಕೂಡಿಸಿ ನೋಡುತ್ತೇನೆ. ಅನುಮಾನ ಉಳಿದರೆ ಬಿಟ್ಟು ಬರುತ್ತೇನೆ. 'ವಾಸ್ಪ್' ಮಹಿಳಾ ಪೈಲಟ್‌ಗಳ ರೆಕ್ಕೆಯನ್ನಂತೂ ಇವತ್ತಿಗೂ ಕೊಂಡಿಲ್ಲ. ತರಬೇತಿ ಮುಗಿಸಿದವರೇ 1,074 ಜನ, ಮಾರಾಟಕ್ಕೆ ಕಾಣುವ ನಕಲುಗಳೋ ಲೆಕ್ಕವಿಲ್ಲ.

ನನ್ನ ಹತ್ತಿರ ಇರುವುದರಲ್ಲಿ ನನಗೆ ಜೀವದಂಥದ್ದು ಬೆಳ್ಳಿಯದಲ್ಲ, ಬಟ್ಟೆಯದು. ಚೀನಾ-ಬರ್ಮಾ-ಇಂಡಿಯಾ ರಣರಂಗದಲ್ಲಿದ್ದ ಅಮೆರಿಕದವರು ತೋಳಿಗೆ ಹಾಕುತ್ತಿದ್ದ ಬಿಲ್ಲೆ. ಗುರಾಣಿ ಆಕಾರ. ಮೇಲೆ ನೀಲಿಯಲ್ಲಿ ಚೀನಾದ ಸೂರ್ಯ ಮತ್ತು ಇಂಡಿಯಾದ ನಕ್ಷತ್ರ, ಕೆಳಗೆ ಕೆಂಪು-ಬಿಳಿ ಪಟ್ಟಿ. ಇಂಥವನ್ನು ಸೈನಿಕರು ನಮ್ಮ ದೇಶದ ದರ್ಜಿಗಳ ಹತ್ತಿರವೇ ಹೊಲಿಸಿಕೊಳ್ಳುತ್ತಿದ್ದರು. ನನ್ನದು ಜರಿಯದು. ಮುಂದೆ ಸುರುಳಿ ತಂತಿಯನ್ನು ಮಣಿಯ ಹಾಗೆ ತುಂಡು ತುಂಡಾಗಿ ಪೋಣಿಸಿ ಹೊಲಿದಿದ್ದಾರೆ. ತಿರುಗಿಸಿದರೆ ಹತ್ತಿ ದಾರದ ಓಡಾಟ, ಒಂದು ಮೂಲೆಯಲ್ಲಿ ದಾರ ಮುಗಿದು ಮತ್ತೆ ಗಂಟು ಹಾಕಿ ಶುರು ಮಾಡಿದ ಜಾಗ. ಆ ಗಂಟನ್ನು ಎಷ್ಟು ಸಲ ನೋಡಿದ್ದೇನೋ! ಬಟ್ಟೆಯ ಬಿಲ್ಲೆಗಳನ್ನು ಕತ್ತಲಲ್ಲಿ ನೇರಳಾತೀತ ದೀಪ ಹಿಡಿದೂ ನೋಡುತ್ತೇನೆ. ಹೊಸ ದಾರ ಬೆಳ್ಳಗೆ ಹೊಳೆಯುತ್ತದೆ. ಆದರೆ ಯುದ್ಧದ ನಂತರದ ಸೋಪಿನ ಪುಡಿಯಲ್ಲಿ ಒಗೆದ ಅಸಲಿಯೂ ಹೊಳೆಯಬಹುದು, ಅದಕ್ಕೇ ದೀಪವೊಂದನ್ನೇ ನಂಬುವುದಿಲ್ಲ.

ಈಗ ಹುಡುಕುತ್ತಿರುವುದು ಬೆಂಗಳೂರಿನದು. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಶುರು ಮಾಡಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್, ಈಗಿನ ಎಚ್‌ಎಎಲ್, 1943ರಲ್ಲಿ ಅಮೆರಿಕದ ವಾಯುಸೇನೆಯ ಕೈಗೆ ಹೋಯಿತು. 84ನೇ ಏರ್ ಡಿಪೋ ಅಂತ ಕರೆದರು. ಡಕೋಟಾ, ಕ್ಯಾಟಲಿನಾದಂಥ ವಿಮಾನಗಳು ಅಲ್ಲಿ ರಿಪೇರಿಯಾದವು. ಆ ಡಿಪೋದಲ್ಲಿದ್ದವರ ರೆಕ್ಕೆಯೋ ಬಿಲ್ಲೆಯೋ ಹೆಸರಿನ ಕಾಗದದ ಸಮೇತ ನನಗೆ ಇನ್ನೂ ಸಿಕ್ಕಿಲ್ಲ.

ನಿಮ್ಮ ಅಜ್ಜ ಆ ಕಾಲದಲ್ಲಿ ಅಲ್ಲಿ ಕೆಲಸ ಮಾಡಿದ್ದರೆ ಹಳೇ ಟ್ರಂಕಿನ ತಳ ಒಮ್ಮೆ ನೋಡಿ. ಏನಾದರೂ ಸಿಕ್ಕರೆ ವಿಭೂತಿ, ಹುಣಸೆಹಣ್ಣು ಹಾಕಿ ಉಜ್ಜಬೇಡಿ, ಕಪ್ಪು ಹಾಗೇ ಇರಲಿ. ರಬ್ಬರ್ ಬ್ಯಾಂಡ್ ಹತ್ತಿರವೂ ಇಡಬೇಡಿ, ಅದರ ಗಂಧಕಕ್ಕೆ ಬೆಳ್ಳಿ ಇನ್ನೂ ಕಪ್ಪಾಗುತ್ತದೆ. ಜೊತೆಗಿರುವ ಕಾಗದ, ಲಕೋಟೆ, ಫೋಟೊ ಯಾವುದನ್ನೂ ಬೇರೆ ಮಾಡಬೇಡಿ.